ಎಂಟನೇ ತರಗತಿಯ ಮಾಧ್ಯಮ: ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ಯಾವುದು?

ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಮಾದರಿ ಪ್ರಕರಣ

ಇಲ್ಲಿ ಬರುವ ಶಾಲೆಗೆ ಹೆಸರಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಹಳ್ಳಿ ಪ್ರೌಢಶಾಲೆಗಳಿಗೆ ಜೂನ್ ಬಂತೆಂದರೆ ಎದುರಾಗುವ, ಎಂಟನೇ ತರಗತಿಗೆ ಪಾಠ ಯಾವ ಭಾಷೆಯಲ್ಲಿ ಎಂಬ ಇಕ್ಕಟ್ಟನ್ನು ಒಂದೇ ಶಾಲೆಗೆ ಕೂಡಿಸಿ ಬರೆದ ಮಾದರಿ ಪ್ರಕರಣ ಇದು. ಮಕ್ಕಳ ಸಂಖ್ಯೆ, ಅಂಕಗಳ ಲೆಕ್ಕ ಎರಡೂ ವಿಧಾನವನ್ನು ಬಿಡಿಸಿ ತೋರಿಸಲು ಇಟ್ಟುಕೊಂಡವು. ಕಾನೂನು, ತೀರ್ಪು, ಪರೀಕ್ಷಾ ಕ್ರಮ ಮಾತ್ರ ಇದ್ದದ್ದು ಇದ್ದ ಹಾಗೆ.

ಪರಿಸ್ಥಿತಿ

ಸುತ್ತಲಿನ ನಾಲ್ಕು ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಈ ಪ್ರೌಢಶಾಲೆಗೆ ಬರುತ್ತಾರೆ. ನಾಲ್ಕೂ ಕನ್ನಡ ಮಾಧ್ಯಮದವು. ಎಂಟನೇ ತರಗತಿಯಲ್ಲಿ ಕನ್ನಡ ಮಾಧ್ಯಮದ ಒಂದು ವಿಭಾಗ, ಇಂಗ್ಲಿಷ್ ಮಾಧ್ಯಮದ ಒಂದು ವಿಭಾಗ ಇವೆ. ಸೇರಿದ 58 ಮಕ್ಕಳಲ್ಲಿ 40 ಮಕ್ಕಳ ಅರ್ಜಿಯಲ್ಲಿ ಪೋಷಕರು ಇಂಗ್ಲಿಷ್ ಎಂದು ಬರೆಸಿದ್ದಾರೆ. ಉಳಿದ 18ರಲ್ಲಿ 12 ಹೆಣ್ಣುಮಕ್ಕಳು. ಗಂಡುಮಗನಿಗೆ ಇಂಗ್ಲಿಷ್, ಮಗಳಿಗೆ ಕನ್ನಡ ಸಾಕು ಎಂಬ ಮನೆಯ ತೀರ್ಮಾನ ದಾಖಲಾತಿ ಪುಸ್ತಕದಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಗಣಿತ, ಭೌತಶಾಸ್ತ್ರಕ್ಕೆ ಒಬ್ಬರೇ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು. ಜೀವಶಾಸ್ತ್ರಕ್ಕೆ ಒಬ್ಬರೇ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮೇಡಂ. ಎರಡೂ ವಿಭಾಗಕ್ಕೆ ಅವರೇ ಪಾಠ ಮಾಡಬೇಕು. ಇಂಗ್ಲಿಷ್ ವಿಭಾಗದಲ್ಲಿ ಹಲಗೆಯ ಮೇಲೆ ಇಂಗ್ಲಿಷ್, ಬಾಯಲ್ಲಿ ಕನ್ನಡ. ಇದನ್ನು ದೂರೆಂದು ಬರೆಯುತ್ತಿಲ್ಲ. ಬಾಯಲ್ಲಿ ಕನ್ನಡ ಇರುವುದರಿಂದಲೇ ಅಲ್ಲಿ ಪಾಠ ಅನ್ನುವುದೊಂದು ನಡೆಯುತ್ತಿದೆ.

ಮೊದಲ ರೂಪಣಾತ್ಮಕ ಪರೀಕ್ಷೆ, ಅಂದರೆ ಎಫ್‌ಎ-1, ಮುಗಿದಾಗ ವಿಷಯ ಹೊರಬಿತ್ತು. ವ್ಯಾಖ್ಯೆ ಕೇಳಿದ ಕಡೆ ಇಂಗ್ಲಿಷ್ ವಿಭಾಗದ ಮಕ್ಕಳು ಪುಸ್ತಕದ ಸಾಲನ್ನು ಅಲ್ಪವಿರಾಮದ ಸಮೇತ ಬರೆದಿದ್ದರು. ಅದೇ ವ್ಯಾಖ್ಯೆಗೆ ಒಂದು ಉದಾಹರಣೆ ಕೊಡು ಎಂದ ಕಡೆ ಹಾಳೆ ಖಾಲಿ. ಒಂಬತ್ತು ಮಕ್ಕಳು ಕನ್ನಡ ವಿಭಾಗಕ್ಕೆ ಹೋಗುತ್ತೇವೆ ಎಂದರು. ಅಷ್ಟರಲ್ಲಿ ಪುಸ್ತಕ ಹಂಚಿಯಾಗಿತ್ತು, ಮಕ್ಕಳ ವಿವರ ದಾಖಲಿಸುವ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾಧ್ಯಮ ನಮೂದಾಗಿತ್ತು, ಮನೆಯಲ್ಲಿ ಒಪ್ಪುವವರಿರಲಿಲ್ಲ. ಅದೇ ತಿಂಗಳ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಬಂದ ಸಲಹೆ ಇದಕ್ಕೆ ತದ್ವಿರುದ್ಧ: 18 ಮಕ್ಕಳಿಗೊಂದು ವಿಭಾಗ ಯಾಕೆ, ಬರುವ ವರ್ಷದಿಂದ ಪೂರಾ ಇಂಗ್ಲಿಷ್ ಮಾಡಿಬಿಟ್ಟರೆ ಊರ ಹುಡುಗರು ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗುವುದು ತಪ್ಪುತ್ತದೆ.

ಠರಾವಿಗೆ ಮೊದಲು ಮಕ್ಕಳನ್ನೂ ಕೇಳೋಣ ಎಂದು ಮುಖ್ಯ ಶಿಕ್ಷಕರು ಹೇಳಿದರು. ಅಲ್ಲಿಯವರೆಗೆ ಸರಿ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಂತ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮ ಯಾರಿಗೆಲ್ಲ ಬೇಕು, ಕೈ ಎತ್ತಿ ಎಂದರು. 58ರಲ್ಲಿ 55 ಕೈ ಮೇಲೆ ಹೋದವು. ವಿಭಾಗ ಬದಲಿಸಿ ಎಂದು ಬೇಡಿದ್ದ ಒಂಬತ್ತು ಮಕ್ಕಳ ಕೈಯೂ ಅದರಲ್ಲಿತ್ತು.

ಆ ಮಕ್ಕಳು ಸುಳ್ಳು ಹೇಳಲಿಲ್ಲ. ಇಂಗ್ಲಿಷ್ ಬೇಕೇ ಎಂದರೆ ಯಾರು ಬೇಡ ಅನ್ನುತ್ತಾರೆ? ಅದು ಊರಿನ ಆಸೆಯ ಪ್ರಶ್ನೆ, ಉತ್ತರ ಕೂಡ ಊರಿನದೇ. ಮಗುವಿಗೆ ಮಾತ್ರ ಗೊತ್ತಿರುವ ಸಂಗತಿ ಬೇರೆ ಇದೆ: ನಿನ್ನೆಯ ಪಾಠದ ಯಾವ ಸಾಲಿನಲ್ಲಿ ತನಗೆ ದಾರಿ ತಪ್ಪಿತು ಎಂಬುದು. ನೀತಿ ರೂಪಿಸುವುದರಲ್ಲಿ ವಿದ್ಯಾರ್ಥಿಗೆ ಪಾಲು ಕೊಡಬೇಕಾದರೆ ಅಲ್ಲಿಂದ ಶುರುಮಾಡಬೇಕು ಎಂಬುದು ನಮ್ಮ ನಿಲುವು. ಮಾಧ್ಯಮ ಯಾವುದಿರಲಿ ಎಂದು ಹದಿಮೂರು ವರ್ಷದ ಮಗುವಿನ ತಲೆಗೆ ಕಟ್ಟುವುದು ಭಾಗವಹಿಸುವಿಕೆಯಲ್ಲ, ಹೊಣೆ ಜಾರಿಸುವ ಉಪಾಯ.

ಆಯ್ಕೆ ಯಾರದು: ಕಾನೂನಿನ ಮಾತು

ಕರ್ನಾಟಕದ ಮಾಧ್ಯಮದ ಜಗಳದಲ್ಲಿ ಮಗುವಿನ ಹೆಸರು ಮೊದಲಿನಿಂದಲೂ ಇದೆ, ಮಗು ಮಾತ್ರ ಇಲ್ಲ. 1994ರ ಭಾಷಾ ನೀತಿ 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ರಾಜ್ಯ ಹೈಕೋರ್ಟ್, 6 ಮೇ 2014ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರುವಂತಿಲ್ಲ ಎಂದವು. ಪ್ರಾಥಮಿಕ ಹಂತದಲ್ಲಿ ತನಗೆ ಬೇಕಾದ ಭಾಷೆಯಲ್ಲಿ ಕಲಿಯುವುದು ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದೊಳಗೇ ಬರುತ್ತದೆ, ಆ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಂದೆತಾಯಿಯದು ಎಂಬುದು 2014ರ ತೀರ್ಪಿನ ಸಾರ. ಹಕ್ಕು ಮಗುವಿನದು, ಸಹಿ ಅಪ್ಪನದು. ಕಾನೂನಿನಲ್ಲಿ ಅದು ಸಹಜವೇ. ಆದರೆ ಸಹಿ ಹಾಕುವ ಮೊದಲು ಮಗುವನ್ನು ಒಂದು ಮಾತು ಕೇಳಿದರೇ ಎಂಬುದನ್ನು ನೋಡುವವರು ಶಾಲೆಯಲ್ಲೂ ಇಲ್ಲ.

2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗುವ ಮುನ್ನ, 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ವಿರೋಧ ಎದ್ದಿತು. ಸರ್ಕಾರ ಪೋಷಕರ ಬೇಡಿಕೆಯನ್ನು ಮುಂದಿಟ್ಟಿತು, ಸಾಹಿತಿಗಳು ಭಾಷೆಯ ಉಳಿವನ್ನು. ಎರಡೂ ತೂಕದ ವಾದಗಳೇ. ಎರಡು ಕಡೆಯೂ ತರಗತಿಯೊಳಗಿಂದ ಬಂದ ಸಾಕ್ಷಿ ಇರಲಿಲ್ಲ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ ಇರಲಿ ಎಂದಿದೆ. ಅದು ಜಾರಿಗೆ ಬಂದರೂ ಬಾರದಿದ್ದರೂ ನಮ್ಮ ಎಂಟನೇ ತರಗತಿಯ ಕವಲುದಾರಿ ಹಾಗೇ ಉಳಿಯುತ್ತದೆ.

ತೀರ್ಮಾನದ ಸಭೆಗಳಲ್ಲಿ ಮಕ್ಕಳಿಗೆ ಕೂರಲು ಜಾಗ ಇಲ್ಲವೇ ಇಲ್ಲ ಎಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ಸರ್ಕಾರದ 2010ರ ಮಾದರಿ ನಿಯಮಗಳಲ್ಲಿ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರು. ಉಳಿದ ಕಾಲು ಪಾಲಿನ ಮೂರನೇ ಒಂದು ಸ್ಥಾನಗಳಿಗೆ ಸ್ಥಳೀಯ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳನ್ನು ತೆಗೆದುಕೊಳ್ಳಬಹುದು. ಶಾಲೆಯಲ್ಲಿ ಮಕ್ಕಳ ಸಂಸತ್ತು ಇದೆ. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಇದೆ. ಸಂಸತ್ತಿನ ತೊಂದರೆ ಎಂದರೆ ಅಲ್ಲಿ ಮಂತ್ರಿಗಳಾಗುವವರು ಬಹುಮಟ್ಟಿಗೆ ತರಗತಿಗೆ ಮೊದಲು ಬರುವ ಮಕ್ಕಳು. ಅವರಿಗೆ ಯಾವ ಮಾಧ್ಯಮವಾದರೂ ನಡೆಯುತ್ತದೆ. ಶಿಕ್ಷಣ ಮಂತ್ರಿ ಓದುವ ಮನವಿ ಸ್ಟಾಫ್ ರೂಮಿನಲ್ಲಿ ಬರೆದದ್ದು ಎಂಬುದು ಅದರ ಅಕ್ಷರ ನೋಡಿದರೇ ತಿಳಿಯುತ್ತದೆ.

ಮತ್ತೆ ಕೇಳಿದ ಬಗೆ

ಕೈ ಎತ್ತಿಸಿದ್ದನ್ನು ಬದಿಗಿಟ್ಟು ಮೂರು ವಾರದ ಕೆಲಸ ಹಾಕಿಕೊಳ್ಳಲಾಯಿತು. ಖರ್ಚು ಜೆರಾಕ್ಸಿಗೆ ಮಾತ್ರ.

ಮೊದಲ ವಾರ ಪೆನ್ಸಿಲ್ ಗುರುತು. ಗಣಿತ ಮತ್ತು ವಿಜ್ಞಾನದ ಒಂದೊಂದು ಪಾಠ ಆರಿಸಿ, ಓದುತ್ತ ಹೋಗುವಾಗ ತಡೆದ ಕಡೆ ಪುಟದ ಅಂಚಿನಲ್ಲಿ ಮೂರರಲ್ಲೊಂದು ಗುರುತು ಹಾಕಬೇಕು. ಪದ ಗೊತ್ತಿಲ್ಲದಿದ್ದರೆ ‘ಪ’. ಪದಗಳೆಲ್ಲ ಗೊತ್ತು, ವಾಕ್ಯ ಕೂಡುತ್ತಿಲ್ಲ ಎಂದರೆ ‘ವಾ’. ಕನ್ನಡದಲ್ಲಿ ಹೇಳಿದರೂ ತಿಳಿಯದು ಎಂದರೆ ‘ವಿ’, ಅಂದರೆ ವಿಷಯವೇ ತಿಳಿದಿಲ್ಲ. ಪುಸ್ತಕದ ಮೇಲೆ ಹೆಸರಿರುತ್ತದೆ, ಆದ್ದರಿಂದ ಅಂಕ ಕೊಡುವ ಶಿಕ್ಷಕರು ಇದನ್ನು ನೋಡಬಾರದು. ಇನ್ನೊಂದು ವಿಭಾಗದ ಮಕ್ಕಳು ಸಾಲು ಸಾಲಾಗಿ ಎಣಿಸಿ ಚಾರ್ಟಿಗೆ ಇಳಿಸಬೇಕು. ಇಲ್ಲಿ ಕೆಡುವುದು ಮೊದಲ ದಿನ. ಗುರುತು ಹಾಕಿದರೆ ದಡ್ಡ ಅನ್ನುತ್ತಾರೆ ಎಂದು ಯಾರೂ ಹಾಕುವುದಿಲ್ಲ. ಒಂದು ಪುಟಕ್ಕೆ ಕನಿಷ್ಠ ಎರಡು ಗುರುತು ಇರಲೇಬೇಕು ಎಂದು ನಿಯಮ ಮಾಡಿದರೆ ಆ ನಾಚಿಕೆ ಹೋಗುತ್ತದೆ.

ಎರಡನೇ ವಾರ ಎರಡು ಭಾಷೆಯ ಕಿರುಪರೀಕ್ಷೆ. ಈ ಪ್ರಕರಣದ ಬೆನ್ನೆಲುಬು ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಏಳನೇ ತರಗತಿಯ ಗಣಿತ, ವಿಜ್ಞಾನದಿಂದ 10 ಪ್ರಶ್ನೆ. ಎ ಪತ್ರಿಕೆಯಲ್ಲಿ 1ರಿಂದ 5 ಕನ್ನಡದಲ್ಲಿ, 6ರಿಂದ 10 ಇಂಗ್ಲಿಷಿನಲ್ಲಿ. ಬಿ ಪತ್ರಿಕೆಯಲ್ಲಿ ಅದೇ ಪ್ರಶ್ನೆಗಳು ಅದಲು ಬದಲು. ಇಂಗ್ಲಿಷ್ ವಿಭಾಗದ 40 ಮಕ್ಕಳಲ್ಲಿ 20 ಮಂದಿಗೆ ಎ, 20 ಮಂದಿಗೆ ಬಿ, ಪಕ್ಕಪಕ್ಕ ಕೂತವರಿಗೆ ಬೇರೆ ಬೇರೆ. ಸಮಯ 30 ನಿಮಿಷ. ಉತ್ತರ ಯಾವ ಭಾಷೆಯಲ್ಲಾದರೂ ಬರೆಯಬಹುದು, ಕಾಗುಣಿತ ಸ್ಪೆಲ್ಲಿಂಗಿಗೆ ಅಂಕ ಕಳೆಯುವಂತಿಲ್ಲ. ಹೀಗೆ ಮಾಡಿದರೆ ಪ್ರತಿ ಭಾಷೆಯಲ್ಲೂ 200 ಉತ್ತರ ಸಿಗುತ್ತವೆ, ಯಾವ ಮಗುವೂ ಎರಡು ಸಲ ಪರೀಕ್ಷೆ ಬರೆಯಬೇಕಾಗಿಲ್ಲ, ಜಾಣ ಮಕ್ಕಳೆಲ್ಲ ಒಂದೇ ಕಡೆ ಬಿದ್ದರು ಎಂಬ ತಕರಾರೂ ಬರುವುದಿಲ್ಲ.

ಕನ್ನಡದಲ್ಲಿ ಕೇಳಿದಾಗ 200ರಲ್ಲಿ 128 ಸರಿ, ಇಂಗ್ಲಿಷಿನಲ್ಲಿ ಕೇಳಿದಾಗ 76 ಸರಿ ಎಂದಿಟ್ಟುಕೊಳ್ಳಿ. ಅಂತರ 52, ಅಂದರೆ ನೂರಕ್ಕೆ 26. ಇಷ್ಟು ಕಲಿಕೆ ಮಗುವಿನ ತಲೆಯಲ್ಲಿದೆ, ಇಂಗ್ಲಿಷ್ ಅದನ್ನು ಹೊರಬರಲು ಬಿಡುತ್ತಿಲ್ಲ. ಆದರೆ ಕನ್ನಡದಲ್ಲಿ ಕೇಳಿದರೂ 72 ತಪ್ಪಾಗಿವೆ, ನೂರಕ್ಕೆ 36. ಈ ಎರಡನೇ ಸಂಖ್ಯೆ ಯಾರಿಗೂ ರುಚಿಸುವುದಿಲ್ಲ. ಮಾಧ್ಯಮ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ, ಇಂಗ್ಲಿಷೇ ಎಲ್ಲ ಕೆಡಿಸಿತು ಎನ್ನುವವರಿಗೂ ಅದು ಅಡ್ಡ ಬರುತ್ತದೆ. ಆ 36 ಕೆಳಗಿನ ತರಗತಿಯಿಂದ ಬಂದ ಬಾಕಿ. ಅದಕ್ಕೆ ಮದ್ದು ಹಿಂದಿನ ತರಗತಿಯ ಪಾಠವನ್ನು ಮತ್ತೆ ಕಲಿಸುವ ಜೂನ್ ತಿಂಗಳ ಸೇತುಬಂಧ, ಮಾಧ್ಯಮವಲ್ಲ.

ಈ ಪರೀಕ್ಷೆ ಮೂರು ಕಡೆ ಕೆಡುತ್ತದೆ. ಕನ್ನಡದ ಪ್ರಶ್ನೆಯನ್ನು ಗ್ರಾಂಥಿಕವಾಗಿ ಬರೆದರೆ ಅದೂ ಮಕ್ಕಳಿಗೆ ಪರಭಾಷೆಯೇ ಆಗುತ್ತದೆ. ಮಕ್ಕಳ ಹಳೆಯ ಪುಸ್ತಕದಲ್ಲಿದ್ದ ಲಸಾಅ, ಛೇದ, ಅಂಶ ಎಂಬ ಪದಗಳನ್ನೇ ಬಳಸಬೇಕು. ಮೇಲ್ವಿಚಾರಕರು ಕರುಣೆ ತೋರಿ ಇಂಗ್ಲಿಷ್ ಪ್ರಶ್ನೆಯ ಅರ್ಥ ಹೇಳಿಬಿಟ್ಟರೆ ಲೆಕ್ಕವೇ ಸತ್ತಂತೆ. ಬರಿ ಸಂಖ್ಯೆಯ ಲೆಕ್ಕಗಳನ್ನೇ ತುಂಬಿದರೆ ಅಂತರ ಕಾಣುವುದಿಲ್ಲ, ಯಾಕೆಂದರೆ 3/4 ಕೂಡಿಸು 5/6 ಎಂಬುದಕ್ಕೆ ಭಾಷೆಯ ಹಂಗಿಲ್ಲ. ಅರ್ಧದಷ್ಟಾದರೂ ವಾಕ್ಯರೂಪದ ಲೆಕ್ಕ ಇರಬೇಕು.

ಮೂರನೇ ವಾರ ಮಾತುಕತೆ. ಆರಾರು ಮಕ್ಕಳ ಗುಂಪು, 35 ನಿಮಿಷ, ಹುಡುಗ ಹುಡುಗಿಯರು ಬೇರೆ ಬೇರೆ. ಹಾಸ್ಟೆಲ್ ಮಕ್ಕಳದೊಂದು ಗುಂಪು. ಮನೆಯಲ್ಲಿ ಉರ್ದು, ತಮಿಳು ಆಡುವವರದೊಂದು. ಕನ್ನಡ ಮಾಧ್ಯಮವನ್ನೇ ಮನೆಮಾತು ಎಂದು ಭಾವಿಸುವವರು ಈ ಕೊನೆಯ ಗುಂಪನ್ನು ಮರೆಯುತ್ತಾರೆ. ಅವರಿಗೆ ಇಂಗ್ಲಿಷ್ ಮೂರನೇ ಭಾಷೆ. ಮಾತಾಡಿಸುವವರು ಅದೇ ಶಾಲೆಯ ಶಿಕ್ಷಕರಾಗಬಾರದು. ಬೇರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅಥವಾ ಬಿ.ಎಡ್ ಪ್ರಶಿಕ್ಷಣಾರ್ಥಿ ಸಾಕು. ಬರೆದುಕೊಳ್ಳುವವರು ಮಕ್ಕಳ ಮಾತನ್ನು ತಿದ್ದಬಾರದು. ‘ಓದಕೆ ಬತ್ತದೆ, ಏನಂತ ಗೊತ್ತಾಗಕಿಲ್ಲ’ ಎಂಬುದನ್ನು ‘ಗ್ರಹಿಕೆಯ ಕೊರತೆ’ ಎಂದು ವರದಿಗೆ ಏರಿಸಿದ ಕೂಡಲೇ ಅದು ಮಗುವಿನ ಸಾಕ್ಷಿಯಾಗಿ ಉಳಿಯುವುದಿಲ್ಲ.

ಇದರ ಜೊತೆಗೆ ಒಂದು ಗುಂಪು ಹಳೆಯ ವಿದ್ಯಾರ್ಥಿಗಳದು. ಇದೇ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ, ಡಿಪ್ಲೊಮಾ, ಐಟಿಐ ಸೇರಿದ ಏಳೆಂಟು ಮಂದಿ, ಎರಡೂ ವಿಭಾಗದವರು. ಎಂಟನೇ ತರಗತಿಯ ಮಗುವಿಗೆ ಮುಂದಿನ ದಾರಿ ಗೊತ್ತಿಲ್ಲ, ಇವರಿಗೆ ಗೊತ್ತು. ಪಿಯುಸಿ ವಿಜ್ಞಾನದ ಪಾಠ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಹೋದವರು ಮೊದಲ ಮೂರು ನಾಲ್ಕು ತಿಂಗಳು ಕಷ್ಟಪಡುತ್ತಾರೆ. ಇಂಗ್ಲಿಷ್ ವಿಭಾಗದಿಂದ ಹೋದವರಿಗೆ ಪದಗಳ ಪರಿಚಯ ಇರುತ್ತದೆ, ಉಪನ್ಯಾಸಕರು ಎಬ್ಬಿಸಿ ಕೇಳಿದರೆ ಎರಡು ಸ್ವಂತ ವಾಕ್ಯ ಬರುವುದಿಲ್ಲ. ಇಬ್ಬರೂ ಒಂದೇ ಕೊರತೆಯನ್ನು ಎರಡು ತುದಿಯಿಂದ ಹೇಳುತ್ತಾರೆ.

ಹೊರಬಿದ್ದದ್ದು

ಪೆನ್ಸಿಲ್ ಗುರುತಿನ ಚಾರ್ಟಿನಲ್ಲಿ ‘ವಾ’ ಹೆಚ್ಚು, ‘ಪ’ ಕಡಿಮೆ. ಡಿನಾಮಿನೇಟರ್, ಫೋಟೋಸಿಂಥಸಿಸ್ ಮಕ್ಕಳನ್ನು ಅಷ್ಟಾಗಿ ಕಾಡಿರಲಿಲ್ಲ. ಅವನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದು, ಗೆರೆ ಎಳೆದು, ಅರ್ಥ ಹೇಳಿರುತ್ತಾರೆ. ಕಾಡಿದ್ದು ಎಕ್ಸೀಡ್ಸ್, ರೆಸ್ಪೆಕ್ಟಿವ್ಲಿ, ಅಟ್ ಮೋಸ್ಟ್, ಅನ್‌ಲೆಸ್, ಜಸ್ಟಿಫೈ ಇಂಥವು. ಇವನ್ನು ಯಾರೂ ಕಲಿಸುವುದಿಲ್ಲ. ಗಣಿತದ ಮೇಷ್ಟ್ರು ಅದು ಇಂಗ್ಲಿಷಿನವರ ಕೆಲಸ ಅಂದುಕೊಂಡಿರುತ್ತಾರೆ. ಇಂಗ್ಲಿಷ್ ಮೇಡಂಗೆ ತಮ್ಮ ಪದ್ಯ, ಪತ್ರ, ಪ್ರೊಫೈಲ್ ರೈಟಿಂಗ್ ಮುಗಿಸುವ ಅವಸರ. ಎರಡು ಪೀರಿಯಡ್‌ಗಳ ನಡುವಿನ ಈ ಸಂದು ಯಾವ ತನಿಖಾಧಿಕಾರಿಯ ನಮೂನೆಯಲ್ಲೂ ಇಲ್ಲ. ಅದನ್ನು ತೋರಿಸಬಲ್ಲವರು ದಿನವೂ ಆ ಎರಡೂ ಪೀರಿಯಡ್‌ನಲ್ಲಿ ಕೂರುವವರು, ಅಂದರೆ ಮಕ್ಕಳು ಮಾತ್ರ.

ಕನ್ನಡ ವಿಭಾಗದ ಹುಡುಗಿಯರ ಗುಂಪಿನಿಂದ ಬಂದ ಮಾತು ಇನ್ನೊಂದು. ಅವರಿಗೆ ಮಾಧ್ಯಮದ ಬಗ್ಗೆ ದೂರಿಲ್ಲ. ಇಂಗ್ಲಿಷ್ ವಿಷಯದ ಪೀರಿಯಡ್‌ನಲ್ಲಿ ತಮಗೆ ಮಾತಾಡುವ ಸರದಿ ಬರುವುದಿಲ್ಲ, ಇಂಗ್ಲಿಷ್ ಬೇಕಾದವರು ಆ ಕಡೆ ಹೋಗಿದ್ದಾರೆ ಎಂಬಂತೆ ಪಾಠ ಸಾಗುತ್ತದೆ ಎಂಬುದು ಅವರ ದೂರು. ಕನ್ನಡ ಮಾಧ್ಯಮ ಎಂದರೆ ಇಂಗ್ಲಿಷ್ ಕಡಿಮೆ ಎಂದು ಶಾಲೆ ತಾನೇ ತೀರ್ಮಾನಿಸಿಬಿಟ್ಟಿತ್ತು. ಎಸ್‌ಡಿಎಂಸಿಯಲ್ಲಿ ಚರ್ಚೆ ದಿಕ್ಕು ಬದಲಿಸಿದ್ದು ಇದನ್ನು ಓದಿದಾಗ.

ಯಾವ ಬೇಡಿಕೆ ಯಾರ ಬಾಗಿಲಿಗೆ

ಮಕ್ಕಳಿಂದ ಬಂದ ಬೇಡಿಕೆಗಳನ್ನು ಒಂದೇ ಮನವಿಪತ್ರದಲ್ಲಿ ತುಂಬಿ ಮೇಲಕ್ಕೆ ಕಳಿಸುವುದು ಸಾಮಾನ್ಯ ತಪ್ಪು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ ಅದನ್ನು ಕಡತಕ್ಕೆ ಸೇರಿಸುತ್ತದೆ, ಅಷ್ಟೇ. ಪ್ರತಿ ಬೇಡಿಕೆಗೂ ಮೊದಲು ಅದನ್ನು ಬದಲಿಸುವ ಅಧಿಕಾರ ಯಾರದೆಂದು ಬರೆಯಬೇಕು.

ಮುಖ್ಯ ಶಿಕ್ಷಕರ ಮಟ್ಟದಲ್ಲೇ ಮುಗಿಯುವುದು ಬಹಳ ಇದೆ. ಈ ಶಾಲೆಯಲ್ಲಿ ಮುಗಿದದ್ದು ಹೀಗೆ: ಇಂಗ್ಲಿಷ್ ಶಿಕ್ಷಕಿ ವಾರಕ್ಕೆ ಒಂದು ಪೀರಿಯಡ್ ಗಣಿತ, ವಿಜ್ಞಾನದ ಪುಸ್ತಕದಿಂದಲೇ ವಾಕ್ಯ ಎತ್ತಿಕೊಂಡು ಪಾಠ ಮಾಡುವುದು, ಪ್ರತಿ ಪಾಠಕ್ಕೆ 10ರಿಂದ 15 ಇಂಥ ಪದಗಳ ಪಟ್ಟಿಯನ್ನು ಮಕ್ಕಳೇ ಒಂದು ವಾರ ಮೊದಲು ಕೊಡುವುದು. ಎಫ್‌ಎ ಚಟುವಟಿಕೆಗಳಲ್ಲಿ ಒಂದನ್ನು ಎರಡೂ ವಿಭಾಗಕ್ಕೆ ಮಾತಿನ ಚಟುವಟಿಕೆಯಾಗಿ ಇಡುವುದು, ಒಂದು ಮಗುವಿಗೆ ಎರಡು ನಿಮಿಷ. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ತರಲು ಅವಕಾಶ ಕೊಡುವುದು. ದಾಖಲಾತಿಯ ದಿನ ಅರ್ಜಿಗೆ ಸಹಿ ಹಾಕುವ ಮುನ್ನ ಪೋಷಕರ ಎದುರಿಗೇ ಮಗು ಎರಡೂ ಮಾಧ್ಯಮದ ಪುಸ್ತಕದಿಂದ ಒಂದೊಂದು ಪುಟ ಓದಿ ಏನು ತಿಳಿಯಿತು ಎಂದು ಹೇಳುವುದು. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಜೂನ್‌ನ ನೂಕುನುಗ್ಗಲಿನಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ, ಹಾಗಾಗಿ ಏಪ್ರಿಲ್‌ನಲ್ಲೇ ಏಳನೇ ತರಗತಿಯವರು ಇರುವ ಶಾಲೆಗಳಿಗೆ ಹೋಗಿ ಮುಗಿಸುವುದು ಒಳ್ಳೆಯದು.

ಎಸ್‌ಡಿಎಂಸಿಗೆ ಹೋದದ್ದು ಕನ್ನಡ ವಿಭಾಗದ ಪ್ರಶ್ನೆ. ಸಭೆ ಕಬ್ಬು ಕಟಾವಿನ ದಿನಗಳಲ್ಲಿ ಬಿದ್ದರೆ ಪೋಷಕರು ಬರುವುದಿಲ್ಲ, ಬಂದ ನಾಲ್ಕು ಜನ ಗಟ್ಟಿಯಾಗಿ ಮಾತಾಡಿದ್ದೇ ಠರಾವು. ಸಂಜೆ ಡೇರಿಗೆ ಹಾಲು ಹಾಕಿದ ಮೇಲಿನ ಹೊತ್ತಿಗೆ ಸಭೆ ಇಟ್ಟು, ಚಾರ್ಟನ್ನು ಮಕ್ಕಳೇ ಗೋಡೆಗೆ ಅಂಟಿಸಿ ಓದಿದರು. ವಿಭಾಗ ಮುಚ್ಚುವ ಠರಾವನ್ನು ಒಂದು ವರ್ಷ ಮುಂದೂಡಲಾಯಿತು. ಎಫ್‌ಎ-1 ಮುಗಿದ ಹದಿನೈದು ದಿನದೊಳಗೆ ಮಗು ಮತ್ತು ಪೋಷಕರು ಇಬ್ಬರೂ ಒಪ್ಪಿದರೆ ವಿಭಾಗ ಬದಲಿಸಲು ಇಲಾಖೆಯ ಅನುಮತಿ ಕೇಳುವುದೆಂದು ಬರೆಯಲಾಯಿತು. ಒಂಬತ್ತರಲ್ಲಿ ನಾಲ್ವರ ಮನೆಯವರು ಒಪ್ಪಿದರು. ಐವರ ಮನೆಯಲ್ಲಿ ಒಪ್ಪಲಿಲ್ಲ.

ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಬೀದಿದೀಪದ ಮಾತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಲ್ಲೇ ಉತ್ತರ ಕೊಡಬಲ್ಲರು. ಪಠ್ಯ, ಪರೀಕ್ಷೆಯ ಮಾತು ಬಂದರೆ ಅದು ನಮ್ಮ ವ್ಯಾಪ್ತಿಯಲ್ಲ ಎನ್ನುತ್ತಾರೆ, ನಿಜವೂ ಹೌದು. ಅಲ್ಲಿ ಮಕ್ಕಳು ಕೇಳಬೇಕಾದ್ದು ಉತ್ತರವನ್ನಲ್ಲ. ನಡಾವಳಿಯ ಪ್ರತಿ ಬಿಇಒಗೆ ಹೋಗಲಿ, ಸ್ವೀಕೃತಿಯ ನಕಲು ಶಾಲೆಗೆ ಬರಲಿ, ಮುಂದಿನ ವರ್ಷದ ಸಭೆ ಅದರ ಅನುಪಾಲನಾ ವರದಿಯಿಂದ ಶುರುವಾಗಲಿ ಎಂದು.

ಪಠ್ಯಪುಸ್ತಕ ಸಂಘ, ಪರೀಕ್ಷಾ ಮಂಡಳಿಯ ಮಟ್ಟಕ್ಕೆ ಕಳಿಸಲು ಒಂದೇ ಬೇಡಿಕೆ ಆರಿಸಲಾಯಿತು: ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿಗೂ ಆಲಿಸುವುದಕ್ಕೂ ಅಂಕ ಇರಲಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಬರವಣಿಗೆ, 20 ಆಂತರಿಕ. ಆ 80ರಲ್ಲಿ ಮಾತಿಗೆ, ಆಲಿಸುವುದಕ್ಕೆ ಒಂದು ಅಂಕವೂ ಇಲ್ಲ. ಪರೀಕ್ಷೆಯಲ್ಲಿ ಇಲ್ಲದ್ದನ್ನು ಯಾವ ಶಾಲೆ ಕಲಿಸೀತು? ಹಳೆಯ ವಿದ್ಯಾರ್ಥಿಗಳ ಮಾತುಗಳನ್ನು ಅವರದೇ ಭಾಷೆಯಲ್ಲಿ ಎರಡು ಪುಟ ಬರೆದು, ಕಿರುಪರೀಕ್ಷೆಯ ಕೋಷ್ಟಕದ ಜೊತೆ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್ ಮೂಲಕ ಕಳಿಸಿದರು. ಕೆಳಗಿನ ಅನುಭವ ಮೇಲೆ ಹತ್ತುವುದೇ ಇಲ್ಲ ಎಂದುಕೊಳ್ಳಬೇಕಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಸರ್ಕಾರಿ ಶಾಲಾ ಶಿಕ್ಷಕರು ಕಟ್ಟಿದ ನಲಿ-ಕಲಿ, ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುವ ಪದ್ಧತಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಹರಡಿತು. ಅದು ಶಿಕ್ಷಕರ ಕೆಲಸ, ಮಕ್ಕಳದ್ದಲ್ಲ ಎಂಬ ವ್ಯತ್ಯಾಸ ಇದ್ದೇ ಇದೆ.

ಒಪ್ಪದೆ ಬಿಟ್ಟದ್ದು

ಮಕ್ಕಳು ಕೇಳಿದ್ದೆಲ್ಲ ಸರಿಯಾಗಿರುವುದಿಲ್ಲ. ಎರಡೂ ವಿಭಾಗದ ಲೀಡರುಗಳು ಕನ್ನಡ ಮಾತಾಡಿದವರಿಗೆ ಹತ್ತು ರೂಪಾಯಿ ದಂಡ ಹಾಕಿ ಎಂದು ಬರೆದಿದ್ದರು. ಕಾನ್ವೆಂಟಿನಲ್ಲಿ ಹಾಗೆ ಮಾಡುತ್ತಾರಂತೆ. ದಂಡ ಇಟ್ಟ ತರಗತಿಯಲ್ಲಿ ಇಂಗ್ಲಿಷ್ ಹೆಚ್ಚುವುದಿಲ್ಲ, ಹಿಂದಿನ ಬೆಂಚು ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬೇಡಿಕೆ ಗೈಡಿನ ನೋಟ್ಸ್ ಕೊಡಿ ಎಂಬುದು. ಎರಡನ್ನೂ ತಿರಸ್ಕರಿಸಿ, ಯಾಕೆ ತಿರಸ್ಕರಿಸಿದ್ದು ಎಂದು ಮಕ್ಕಳ ಸಂಸತ್ತಿನ ಎದುರು ಹೇಳಿ, ಕಾರಣವನ್ನು ಪುಸ್ತಕದಲ್ಲಿ ಬರೆಯಲಾಯಿತು. ಕಾರಣ ಹೇಳದೆ ಬಿಟ್ಟರೆ ಮುಂದಿನ ಸಲ ಯಾವ ಮಗುವೂ ಪೆನ್ಸಿಲ್ ಎತ್ತುವುದಿಲ್ಲ.

ಈ ಪುಸ್ತಕ ಅಂದರೆ ಒಂದು 200 ಪುಟದ ಲಾಂಗ್ ನೋಟ್‌ಬುಕ್. ಮಕ್ಕಳು ಮೂರೇ ವರ್ಷ ಇರುತ್ತಾರೆ, ಮುಖ್ಯ ಶಿಕ್ಷಕರಿಗೆ ಅದಕ್ಕೂ ಮೊದಲೇ ವರ್ಗವಾಗಬಹುದು. ಕೇಳಿದವರೂ ಉತ್ತರ ಹೇಳಬೇಕಾದವರೂ ಇಲ್ಲದಾಗ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಪ್ರತಿ ಬೇಡಿಕೆಗೂ ಒಂದು ಸಾಲು: ದಿನಾಂಕ, ಯಾವ ಗುಂಪು ಹೇಳಿತು, ಮಕ್ಕಳ ಮಾತು, ಯಾರ ಅಧಿಕಾರ, ಕಳಿಸಿದ ಪತ್ರದ ಸಂಖ್ಯೆ, ಬಂದ ಉತ್ತರ. ಮಗುವಿನ ಹೆಸರು ಬೇಡ. ಒಂಬತ್ತನೇ ತರಗತಿಯ ಇಬ್ಬರು ಇದನ್ನು ನೋಡಿಕೊಳ್ಳುತ್ತಾರೆ, ಪ್ರತಿ ಜೂನ್‌ನಲ್ಲಿ ಕೆಳಗಿನ ತರಗತಿಯವರಿಗೆ ಕೈ ಬದಲಾಯಿಸುತ್ತಾರೆ. ಮಂಡಳಿಗೆ ಹೋದ ಪತ್ರದ ಸಾಲಿನಲ್ಲಿ ಕೊನೆಯ ಅಂಕಣ ಇನ್ನೂ ಖಾಲಿ ಇದೆ, ಡಯಟ್‌ಗೆ ಜ್ಞಾಪನಾ ಪತ್ರ ಬರೆಯುವುದು ಈ ಸಲದ ಇಬ್ಬರ ಕೆಲಸ.